ಮಳೆ, ಮಾರುಕಟ್ಟೆ ಮತ್ತು ಎರಡೆಕರೆ ಸಂಸಾರ: ಮಂಡ್ಯ ಕಡೆ ರೈತರು ಪದೇ ಪದೇ ಕೇಳುವ ಪ್ರಶ್ನೆಗಳು

ರೈತರೇ ಷೇರು ಕಟ್ಟಿ ನಡೆಸುವ ನಮ್ಮ ರೈತ ಉತ್ಪಾದಕ ಕಂಪನಿಯ ಕಚೇರಿ ಅಂದರೆ ಒಂದು ಶೆಟರ್ ಮಳಿಗೆ, ಒಂದು ತೂಕದ ಯಂತ್ರ, ನಾಲ್ಕು ಪ್ಲಾಸ್ಟಿಕ್ ಕುರ್ಚಿ. ಲೆಕ್ಕ ಬರೆಯುವುದು ನನ್ನ ಕೆಲಸ. ಆದರೆ ಅರ್ಧ ದಿನ ಕಳೆಯುವುದು ಬಂದವರ ಪ್ರಶ್ನೆಗೆ ಉತ್ತರ ಹೇಳುವುದರಲ್ಲಿ. ಒಬ್ಬರು ಕೇಳಿದ್ದನ್ನೇ ಮತ್ತೆ ಹತ್ತು ಜನ ಕೇಳುತ್ತಾರೆ, ಅದಕ್ಕೇ ಬರೆದಿಟ್ಟೆ. ದರ, ಸಹಾಯಧನ ವರ್ಷ ವರ್ಷ ಬದಲಾಗುತ್ತವೆ. ಇಲ್ಲಿರುವ ದರಗಳು 2025-26ರವು.

ಕುಟುಂಬ ಕೃಷಿಕರು ಅಂತಾರಲ್ಲ, ಅದು ನಾವೇನಾ?

ನೀವೇ. ಗಂಡ ಉತ್ತು, ಹೆಂಡತಿ ಕಳೆ ತೆಗೆದು, ರಜೆಗೆ ಬಂದ ಮಗ ನೀರು ಕಟ್ಟುವ ಬೇಸಾಯಕ್ಕೆ ಇಟ್ಟ ಹೆಸರು ಅದು. ಎಷ್ಟು ಎಕರೆ ಅನ್ನುವುದಕ್ಕಿಂತ ದುಡಿಮೆ ಯಾರದು ಅನ್ನುವುದು ಅಲ್ಲಿ ಮುಖ್ಯ. ವಿಶ್ವಸಂಸ್ಥೆ 2019ರಿಂದ 2028ರವರೆಗಿನ ದಶಕವನ್ನು ಕುಟುಂಬ ಕೃಷಿಗೆ ಮೀಸಲಿಟ್ಟಿದೆ. ಸರ್ಕಾರಿ ಕಾಗದದಲ್ಲಿ ಮಾತ್ರ ಅಳತೆ ಬೇರೆ: ಒಂದು ಹೆಕ್ಟೇರ್ ಒಳಗಿದ್ದರೆ ಅತಿ ಸಣ್ಣ ರೈತ, ಎರಡು ಹೆಕ್ಟೇರ್‌ವರೆಗೆ ಸಣ್ಣ ರೈತ. ಅಣ್ಣತಮ್ಮಂದಿರು ಪಾಲಾಗಿ ಗುಂಟೆ ಲೆಕ್ಕಕ್ಕೆ ಇಳಿದಿರುವ ನಮ್ಮ ಊರುಗಳಲ್ಲಿ ಹೆಚ್ಚುಕಮ್ಮಿ ಎಲ್ಲರೂ ಇದರೊಳಗೇ.

ಬೆಳೆ ಚೆನ್ನಾಗೇ ಬತ್ತದೆ, ರೇಟೇ ಸಿಕ್ಕಲ್ಲ. ಯಾಕೆ?

ಎಲ್ಲರೂ ಒಂದೇ ವಾರ ಮಾರುತ್ತೀರಿ, ಅದಕ್ಕೆ. ರಾಗಿಯನ್ನೇ ನೋಡಿ. ಒಕ್ಕಣೆ ಮುಗಿಯುವ ಹೊತ್ತಿಗೆ ಯಂತ್ರದ ಬಾಡಿಗೆ, ಆಳುಗಳ ಕೂಲಿ, ಗೊಬ್ಬರದ ಅಂಗಡಿ ಬಾಕಿ, ಕೈಸಾಲ ಎಲ್ಲ ಒಟ್ಟಿಗೇ ಬಾಗಿಲಿಗೆ ಬಂದಿರುತ್ತವೆ. ಕಣದ ಹತ್ತಿರಕ್ಕೇ ಗೂಡ್ಸ್ ಗಾಡಿ ತರುವ ವ್ಯಾಪಾರಿಗೆ ಇದು ಚೆನ್ನಾಗಿ ಗೊತ್ತು. ಹೋದ ವರ್ಷ ಒಬ್ಬ ಗೌಡರು ಬೆಂಬಲ ಬೆಲೆಗಿಂತ ಬಹಳ ಕೆಳಗೆ ಹನ್ನೆರಡು ಚೀಲ ಕೊಟ್ಟುಬಿಟ್ಟಿದ್ದರು. ಖರೀದಿ ಕೇಂದ್ರ ತೆರೆಯುವವರೆಗೆ ತಡೆಯಬಾರದಿತ್ತೇ ಎಂದರೆ, "ತಡಿಬೋದಾಗಿತ್ತು ಕಣಪ್ಪ, ಸೊಸೆ ಹೆರಿಗೆ ತಡಿತದಾ?" ಅಂದರು.

ಬೆಲೆ ಸಿಗುವುದು ಕಾಯಬಲ್ಲವನಿಗೆ. ಹಿಂದೆ ನೆಲದೊಳಗೆ ಹಗೇವು ತೋಡಿ ರಾಗಿ ತುಂಬುತ್ತಿದ್ದರು, ಎರಡು ಮೂರು ವರ್ಷ ಇಟ್ಟರೂ ಹುಳ ಹಿಡಿಯುತ್ತಿರಲಿಲ್ಲ. ಆ ಹಗೇವು ಗೋದಾಮೂ ಹೌದು, ಕಾಯುವ ಧೈರ್ಯವೂ ಹೌದು. ಈಗ ಆ ಜಾಗದಲ್ಲಿ ಗೋದಾಮು ರಸೀದಿ ಇದೆ. ನೋಂದಾಯಿತ ಉಗ್ರಾಣದಲ್ಲಿ ಕಾಳು ಇಟ್ಟರೆ ಎಲೆಕ್ಟ್ರಾನಿಕ್ ರಸೀದಿ ಕೊಡುತ್ತಾರೆ, ಅದನ್ನು ಅಡವಿಟ್ಟು ಬ್ಯಾಂಕಿನಲ್ಲಿ ಸಾಲ ತೆಗೆಯಬಹುದು. ಕಿಸಾನ್ ಕ್ರೆಡಿಟ್ ಕಾರ್ಡ್ ಇರುವ ಸಣ್ಣ ರೈತರಿಗೆ ಈ ಸಾಲದ ಮೇಲೆ ಆರು ತಿಂಗಳವರೆಗೆ ಬಡ್ಡಿ ರಿಯಾಯಿತಿಯೂ ಉಂಟು. ಹೆರಿಗೆಯ ಖರ್ಚು ಅದರಲ್ಲಿ ಕಳೆಯುತ್ತದೆ, ರಾಗಿ ನಿಮ್ಮದೇ ಆಗಿರುತ್ತದೆ. ಆದರೆ ಐದು ಚೀಲ ಹೊತ್ತುಕೊಂಡು ಒಬ್ಬರೇ ಉಗ್ರಾಣಕ್ಕೆ ಹೋದರೆ ಬಾಡಿಗೆ ಗಿಟ್ಟುವುದಿಲ್ಲ. ಊರಿನವರು ಸೇರಿ ಒಂದು ಲೋಡ್ ಮಾಡಬೇಕು.

ಬೆಂಬಲ ಬೆಲೆಗೆ ರಾಗಿ, ಭತ್ತ ಮಾರಲು ಏನೇನು ಬೇಕು?

2025-26ಕ್ಕೆ ರಾಗಿ ಕ್ವಿಂಟಲ್‌ಗೆ 4,886 ರೂಪಾಯಿ, ಸಾಮಾನ್ಯ ಭತ್ತ 2,369 ರೂಪಾಯಿ. ಕಾಳು ಒಣಗಿರಬೇಕು: ರಾಗಿಯಲ್ಲಿ ತೇವಾಂಶ ಶೇ 12, ಭತ್ತದಲ್ಲಿ ಶೇ 17 ದಾಟಬಾರದು. ಕೇಂದ್ರದಲ್ಲಿ ತೇವಾಂಶದ ಮೀಟರ್ ಇಟ್ಟು ನೋಡುತ್ತಾರೆ, ಅಲ್ಲಿ ಹಿಂದಕ್ಕೆ ಕಳಿಸಿಕೊಂಡರೆ ಲಗೇಜ್ ಗಾಡಿ ಬಾಡಿಗೆ ಎರಡು ಸಲ.

ಕಾಳಿಗಿಂತ ಹೆಚ್ಚು ಜನರನ್ನು ವಾಪಸ್ ಕಳಿಸುವುದು ಕಾಗದ. ರೈತರ ನೋಂದಣಿಗಿರುವ ಫ್ರೂಟ್ಸ್ ತಂತ್ರಾಂಶದಲ್ಲಿ ನಿಮ್ಮ ಎಫ್‌ಐಡಿ (ರೈತ ಗುರುತಿನ ಸಂಖ್ಯೆ) ಇರಬೇಕು, ಅದರಲ್ಲಿ ಎಲ್ಲ ಸರ್ವೆ ನಂಬರೂ ಸೇರಿರಬೇಕು, ಬೆಳೆ ಸಮೀಕ್ಷೆಯಲ್ಲಿ ಆ ನಂಬರಿನ ಎದುರು ರಾಗಿ ಅಂತಲೇ ದಾಖಲಾಗಿರಬೇಕು. ಒಬ್ಬ ಅಕ್ಕನ ಹೊಲದಲ್ಲಿ ಅಂಚಿಗೆ ನಾಲ್ಕು ತೆಂಗಿನ ಸಸಿ ಇದ್ದವು. ಸಮೀಕ್ಷೆಗೆ ಬಂದವರು ರಸ್ತೆಯಿಂದಲೇ ಫೋಟೊ ತೆಗೆದು ಇಡೀ ಒಂದೂಕಾಲು ಎಕರೆಯನ್ನು ತೆಂಗು ಎಂದು ಬರೆದಿದ್ದರು. ಒಳಗೆ ಎದೆಮಟ್ಟ ರಾಗಿ! ಆಕ್ಷೇಪಣೆ ಹಾಕಿ ಸರಿ ಮಾಡಿಸುವಷ್ಟರಲ್ಲಿ ನೋಂದಣಿ ಮುಗಿದಿತ್ತು. ಸಮೀಕ್ಷೆ ಆ್ಯಪ್‌ನಲ್ಲಿ ರೈತರೇ ತಮ್ಮ ಬೆಳೆ ದಾಖಲಿಸಲು ಅವಕಾಶವಿದೆ. ಬೆಳೆ ನಿಂತಿರುವಾಗಲೇ ಮಗಳ ಕೈಲೋ ಮೊಮ್ಮಗನ ಕೈಲೋ ಮಾಡಿಸಿಬಿಡಿ.

ಮಂಡಿಯಲ್ಲಿ ನೂರಕ್ಕೆ ಇಷ್ಟು ಅಂತ ಕಮಿಷನ್ ಹಿಡೀತಾರೆ. ಕೊಡಲೇಬೇಕಾ?

ಬೇಡ. ಎಪಿಎಂಸಿ (ಕೃಷಿ ಮಾರುಕಟ್ಟೆ ಸಮಿತಿ) ನಿಯಮದ ಪ್ರಕಾರ ದಲ್ಲಾಳಿ ಕಮಿಷನ್ ಪಡೆಯಬೇಕಾದ್ದು ಕೊಳ್ಳುವವರಿಂದ, ಮಾರುವ ರೈತನಿಂದಲ್ಲ. ಹೀಗಿದ್ದೂ ಬಿಳಿ ಚೀಟಿ ನಿಂತಿಲ್ಲ. ಅಂಗಡಿಯ ಹೆಸರೂ ಇಲ್ಲದ, ಮುದ್ರಿತ ನಂಬರೂ ಇಲ್ಲದ ತುಂಡು ಕಾಗದದ ಮೇಲೆ ಪೆನ್ಸಿಲಿನಲ್ಲಿ ತೂಕ, ದರ, ಕೆಳಗೆ "ಕ", "ಹ", "ಸ್ಯಾ" ಅಂತ ಮೂರು ಕಡಿತ: ಕಮಿಷನ್, ಹಮಾಲಿ, ಸ್ಯಾಂಪಲ್. ಸಣ್ಣವನಿದ್ದಾಗ ಅಪ್ಪನ ಜೇಬಿನಲ್ಲಿ ಇಂಥ ಚೀಟಿ ನೋಡಿ ಅದೇನೋ ಸಂಕೇತ ಭಾಷೆ ಅಂದುಕೊಂಡಿದ್ದೆ, ದೊಡ್ಡವನಾದ ಮೇಲೆ ಅದು ನಿಜಕ್ಕೂ ಸಂಕೇತ ಭಾಷೆಯೇ ಎಂದು ತಿಳಿಯಿತು.

ಅಧಿಕೃತ ರಸೀದಿ ಕೇಳಿ, ಕೊಡದಿದ್ದರೆ ಸಮಿತಿಯ ಕಾರ್ಯದರ್ಶಿಗೆ ಲಿಖಿತ ದೂರು ಕೊಡಿ. ಇದನ್ನು ಬರೆಯುವುದು ಸುಲಭ, ಗೊತ್ತು. ಬಿತ್ತನೆ ಹೊತ್ತಿಗೆ ಅದೇ ಮಂಡಿಯವರಿಂದ ಮುಂಗಡ ತಂದವರು ರಸೀದಿ ಕೇಳುವುದಾದರೂ ಹೇಗೆ? ಕಮಿಷನ್ ಎನ್ನುವುದು ಬಹುತೇಕ ಆ ಮುಂಗಡದ ಬಡ್ಡಿಯೇ. ಸಹಕಾರ ಸಂಘದಲ್ಲಿ 5 ಲಕ್ಷದವರೆಗೆ ಬೆಳೆಸಾಲ ಶೂನ್ಯ ಬಡ್ಡಿಗೆ ಸಿಗುವ ರಾಜ್ಯದಲ್ಲಿ, ಷೇರುದಾರರೇ ಆಗಿಲ್ಲದೆ ಮಂಡಿಗೆ ಹೋಗುವವರು ಇನ್ನೂ ಇದ್ದಾರೆ. ಮೊದಲು ಸಂಘದ ಸದಸ್ಯತ್ವ ಮಾಡಿಸಿ, ರಸೀದಿಯ ಜಗಳ ಆಮೇಲೆ.

ಕಬ್ಬಿನ ದುಡ್ಡು ಎಷ್ಟು ದಿನಕ್ಕೆ ಬರಬೇಕು?

1966ರ ಕಬ್ಬು ನಿಯಂತ್ರಣ ಆದೇಶದಂತೆ ಕಾರ್ಖಾನೆಗೆ ಕಬ್ಬು ಒಪ್ಪಿಸಿದ 14 ದಿನದೊಳಗೆ. ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಿ ಕೊಡಬೇಕು. 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಸ್ಥಾಪನೆಯಾದ ಜಿಲ್ಲೆ ನಮ್ಮದು, ಕಬ್ಬಿನ ಲೆಕ್ಕ ರಕ್ತದಲ್ಲಿದೆ ಅನ್ನುತ್ತೇವೆ, ಆದರೂ ಈ ಬಡ್ಡಿಯನ್ನು ಅರ್ಜಿ ಬರೆದು ಕೇಳಿದವರನ್ನು ನಾನು ಬೆರಳಲ್ಲಿ ಎಣಿಸಬಲ್ಲೆ.

ದರದ ವಿಷಯ. 2025-26ರ ಎಫ್‌ಆರ್‌ಪಿ (ಕೇಂದ್ರ ಗೊತ್ತು ಮಾಡುವ ಕಬ್ಬಿನ ಕನಿಷ್ಠ ದರ) ಕ್ವಿಂಟಲ್‌ಗೆ 355 ರೂಪಾಯಿ ಎಂದು ಪೇಪರಿನಲ್ಲಿ ಬಂದಾಗ ಎಲ್ಲರೂ ಟನ್ನಿಗೆ 3,550 ಎಂದು ಗುಣಿಸಿಕೊಂಡರು. ಅದು ಸಕ್ಕರೆ ಇಳುವರಿ, ಅಂದರೆ ಕಬ್ಬಿನ ತೂಕದಲ್ಲಿ ಇಳಿಯುವ ಸಕ್ಕರೆ, ಶೇ 10.25 ಬಂದರೆ ಮಾತ್ರ. ಸಕ್ಕರೆ ಇಳುವರಿ ಶೇ 9.5 ಅಥವಾ ಅದಕ್ಕಿಂತ ಕಡಿಮೆ ಇರುವ ಕಾರ್ಖಾನೆಯಲ್ಲಿ ಕ್ವಿಂಟಲ್‌ಗೆ 329.05, ಅಂದರೆ ಟನ್ನಿಗೆ 3,290 ರೂಪಾಯಿ 50 ಪೈಸೆ. ಇದೂ ಕಾರ್ಖಾನೆ ಗೇಟಿನ ದರ. ಕಟಾವು, ಸಾಗಣೆ ಇದರಲ್ಲೇ ಕಳೆಯುತ್ತದೆ. ಕಟಾವಾದ ಕಬ್ಬು ಗದ್ದೆ ಬದಿಯಲ್ಲೋ ಕಾರ್ಖಾನೆ ಯಾರ್ಡಿನಲ್ಲೋ ಒಣಗಿದಷ್ಟೂ ತೂಕ ಇಳಿಯುತ್ತದೆ. ಕಟಾವಿನ ಪರ್ಮಿಟ್ ಕೈಗೆ ಬರುವ ಮುಂಚೆ ಗ್ಯಾಂಗ್ ಕರೆಸಬೇಡಿ.

ಹಂಗಾದ್ರೆ ಆಲೆಮನೆಗೇ ಹಾಕಿಬಿಡೋದಾ?

ಆಲೆಮನೆಯಲ್ಲಿ ದುಡ್ಡು ಬೇಗ ಬರುತ್ತದೆ, ಅದೇ ಅದರ ಬಲ. ಒಂದು ಟನ್ ಕಬ್ಬಿಗೆ ಸುಮಾರು ಒಂದು ಕ್ವಿಂಟಲ್ ಬೆಲ್ಲ ಇಳಿಯುತ್ತದೆ. ಮಂಡ್ಯ ಎಪಿಎಂಸಿಯ ಬೆಲ್ಲದ ದರ ನೋಡಿಕೊಂಡು ನೀವೇ ಲೆಕ್ಕ ಹಾಕಬಹುದು.

ತೊಂದರೆ ಬಣ್ಣದ್ದು. ಕೊಳ್ಳುವವರಿಗೆ ಹಳದಿ ಬೆಲ್ಲ ಬೇಕು. ಅದಕ್ಕೆ ಕೊಪ್ಪರಿಗೆಗೆ ಹೈಡ್ರೋಸ್ ಸುರಿಯುತ್ತಾರೆ, ಬಣ್ಣ ತಿಳಿ ಮಾಡುವ ಗಂಧಕದ ರಾಸಾಯನಿಕ ಅದು. ಆಹಾರ ಸುರಕ್ಷತೆ ನಿಯಮದಲ್ಲಿ ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ 70 ಭಾಗ ಮೀರುವಂತಿಲ್ಲ. ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆದು, ಸುಣ್ಣ ಹದವಾಗಿ ಬಿಟ್ಟು ಮಾಡಿದ ಬೆಲ್ಲ ಕಂದು ಬಣ್ಣಕ್ಕೇ ಬರುವುದು. ಮಂಡಿಯಲ್ಲಿ ಅದನ್ನು ಎರಡನೇ ದರ್ಜೆಗೆ ತಳ್ಳುತ್ತಾರೆ, ಬೆಂಗಳೂರಿನ ಅಂಗಡಿಯಲ್ಲಿ ಅದೇ ಬೆಲ್ಲಕ್ಕೆ ಜಾಸ್ತಿ ಬೆಲೆ ಚೀಟಿ. ಕಂದು ಬೆಲ್ಲ ಮಾಡುವುದಾದರೆ ಕೊಳ್ಳುವವರನ್ನು ಮೊದಲೇ ಹುಡುಕಿಕೊಂಡು ಒಲೆ ಹಚ್ಚಿ. 'ಒಂದು ಜಿಲ್ಲೆ ಒಂದು ಉತ್ಪನ್ನ'ದಲ್ಲಿ ಮಂಡ್ಯಕ್ಕೆ ಬೆಲ್ಲವೇ ಇರುವುದರಿಂದ ಆಲೆಮನೆ ಸುಧಾರಿಸಲು ಸಣ್ಣ ಆಹಾರ ಘಟಕಗಳಿಗಿರುವ ಪಿಎಂಎಫ್‌ಎಂಇ ಯೋಜನೆಯಡಿ ಸಾಲ ಸಿಗುತ್ತದೆ. ಕೇಂದ್ರದ ಶೇ 35, ರಾಜ್ಯದ ಶೇ 15 ಸೇರಿ ಅರ್ಧದಷ್ಟು, ಗರಿಷ್ಠ 15 ಲಕ್ಷ ಸಹಾಯಧನ.

ಎಳನೀರು ಹಾಕ್ಲಾ, ಕಾಯಿ ಬಿಡ್ಲಾ?

ಮದ್ದೂರು ಮಾರುಕಟ್ಟೆ ಹತ್ತಿರವಿರುವವರಿಗೆ ಎಳನೀರು. ಬೇಸಿಗೆಯಲ್ಲಿ ಲಾರಿಗಳು ಮುಂಬೈ, ದಿಲ್ಲಿವರೆಗೂ ಹೋಗುತ್ತವೆ. ಪೂರ್ತಿ ತೋಟ ಎಳನೀರಿಗೇ ಬಿಡಬೇಡಿ, ಮಳೆ ಹಿಡಿದ ಜುಲೈಯಲ್ಲಿ ಅದನ್ನು ಕೇಳುವವರಿರುವುದಿಲ್ಲ. ಕಾಯಿ, ಕೊಬ್ಬರಿ ಕಾಯುತ್ತವೆ, ಎಳನೀರು ಕಾಯುವುದಿಲ್ಲ.

ಉತ್ಪಾದಕ ಕಂಪನಿಗೆ ಷೇರು ಕಟ್ಟಿದ್ರೆ ನಮಗೇನು ಲಾಭ?

ಇಲ್ಲಿ ನಾನು ನಮ್ಮ ಅಂಗಡಿಯನ್ನೇ ಹೊಗಳಬಾರದು. ಹಾಗಾಗಿ ನೇರವಾಗಿ ಹೇಳುತ್ತೇನೆ.

2020ರಲ್ಲಿ ಕೇಂದ್ರ ಸರ್ಕಾರ ದೇಶದಲ್ಲಿ 10,000 ಎಫ್‌ಪಿಒ (ನಮ್ಮದರಂಥ ರೈತ ಉತ್ಪಾದಕ ಸಂಸ್ಥೆ) ಕಟ್ಟುವ ಯೋಜನೆ ತಂದಿತು. ಬಯಲು ಸೀಮೆಯಲ್ಲಿ ಕನಿಷ್ಠ 300 ಸದಸ್ಯರು. ಮೂರು ವರ್ಷಕ್ಕೆ ನಿರ್ವಹಣೆಗೆಂದು 18 ಲಕ್ಷದವರೆಗೆ ನೆರವು. ನೀವು ಕಟ್ಟುವ ಷೇರಿನಷ್ಟೇ, ತಲಾ 2,000 ರೂಪಾಯಿವರೆಗೆ, ಸರ್ಕಾರವೂ ಸೇರಿಸುತ್ತದೆ, ಒಟ್ಟು 15 ಲಕ್ಷ ಮೀರದಂತೆ. ಎಷ್ಟೇ ಷೇರಿದ್ದರೂ ಒಬ್ಬರಿಗೆ ಒಂದೇ ಮತ.

ಮೂರು ವರ್ಷ ಆದ ಮೇಲೆ ಏನು? ಅಲ್ಲೇ ಬಹಳ ಕಂಪನಿಗಳು ಗೊಬ್ಬರದ ಅಂಗಡಿಯಾಗಿ ಉಳಿದುಬಿಡುತ್ತವೆ. ಗೊಬ್ಬರ ಮಾರುವುದು ತಪ್ಪಲ್ಲ, ನಾವೂ ಮಾರುತ್ತೇವೆ. ಆದರೆ ರೈತನ ಮಾಲು ಕೊಳ್ಳದ ಕಂಪನಿ ರೈತನಿಗೆ ಇನ್ನೊಂದು ಸಾಲದ ಅಂಗಡಿ ಅಷ್ಟೆ. ಷೇರು ಕಟ್ಟುವ ಮುಂಚೆ ಮೂರು ಮಾತು ಕೇಳಿ. ಹೋದ ಸುಗ್ಗಿಯಲ್ಲಿ ಸದಸ್ಯರಿಂದ ಎಷ್ಟು ಕ್ವಿಂಟಲ್ ಕೊಂಡಿರಿ? ಎಷ್ಟು ದಿನಕ್ಕೆ ದುಡ್ಡು ಕೊಟ್ಟಿರಿ? ವಾರ್ಷಿಕ ಸಭೆಯಲ್ಲಿ ಲೆಕ್ಕ ಓದಿದ್ದೀರಾ, ಬರೀ ಊಟ ಹಾಕಿದಿರಾ?

ನಮ್ಮಲ್ಲಿ ನಿಜವಾಗಿ ಕೆಲಸ ಮಾಡಿದ್ದು ಸಣ್ಣದೊಂದು ವಸ್ತು: ಕಲ್ಲು, ಮಣ್ಣು ಬೇರೆ ಮಾಡುವ ಯಂತ್ರ. ಕಣದ ರಾಗಿಯಲ್ಲಿ ಮಣ್ಣು ಇದೆ ಎಂದು ವ್ಯಾಪಾರಿ ಪ್ರತಿ ಚೀಲಕ್ಕೂ ಎರಡು ಕೆ.ಜಿ. ಹೊಡೆಯುತ್ತಿದ್ದ. ಯಂತ್ರ ಬಂದ ಮೇಲೆ ಆ ಮಾತೇ ನಿಂತಿತು. ರಾಗಿಯನ್ನು ಜರಡಿ ಹಿಡಿದು, ಐವತ್ತು ಕೆ.ಜಿ.ಗೆ ಹೊಲಿದು, ಚೀಲದ ಮೇಲೆ ತಳಿ ಬರೆದರೆ ಮಾತು ಬೇರೆಯೇ ಆಗುತ್ತದೆ.

ಪಹಣಿ ನಮ್ಮೆಜಮಾನ್ರ ಹೆಸರಲ್ಲಿದೆ. ನಾನು ಸದಸ್ಯೆ ಆಗ್ಬೋದಾ?

ಆಗಬಹುದು ಅಕ್ಕ. ಕಂಪನಿ ಕಾಯ್ದೆಯಲ್ಲಿ ಉತ್ಪಾದಕ ಅಂದರೆ ಬೆಳೆ, ಹಾಲು, ರೇಷ್ಮೆ ಮುಂತಾದ ಪ್ರಾಥಮಿಕ ಉತ್ಪನ್ನದ ಕೆಲಸ ಮಾಡುವ ಯಾರಾದರೂ ಸರಿ. ಹಸು ಕಟ್ಟಿದವರು, ಗುತ್ತಿಗೆಗೆ ಮಾಡುವವರೂ ಬರುತ್ತಾರೆ. ಕೆಲವು ಕಡೆ ಪಹಣಿ ತನ್ನಿ ಎನ್ನುವುದು ಅವರು ಮಾಡಿಕೊಂಡ ನಿಯಮ. ಬೆಂಬಲ ಬೆಲೆ, ವಿಮೆ, ಪರಿಹಾರಕ್ಕೆ ಮಾತ್ರ ಪಹಣಿ ಯಾರ ಹೆಸರಲ್ಲಿದೆ ಎನ್ನುವುದು ಎದುರಾಗೇ ಆಗುತ್ತದೆ. ತೀರಿಹೋದ ಮಾವನ ಹೆಸರಲ್ಲೇ ಖಾತೆ ಇದ್ದರೆ ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸುವುದನ್ನು ಮುಂದೂಡಬೇಡಿ.

ನಾಲೆ ನೀರು ಈ ಸಲ ಎಷ್ಟು ದಿನ ಬಿಡ್ತಾರೆ?

ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ ಇದು, ನನ್ನ ಕೈಯಲ್ಲಿಲ್ಲದ ಉತ್ತರವೂ ಇದೇ. ಕೆಆರ್‌ಎಸ್ ಅಣೆಕಟ್ಟಿನ ಗರಿಷ್ಠ ಮಟ್ಟ 124.80 ಅಡಿ, ಸಂಗ್ರಹ 49.45 ಟಿಎಂಸಿ. ಸುಪ್ರೀಂ ಕೋರ್ಟ್ 2018ರಲ್ಲಿ ಕೊಟ್ಟ ತೀರ್ಪಿನಂತೆ ಸಾಮಾನ್ಯ ವರ್ಷದಲ್ಲಿ ಗಡಿಯ ಬಿಳಿಗುಂಡ್ಲುವಿನಲ್ಲಿ 177.25 ಟಿಎಂಸಿ ತಮಿಳುನಾಡಿಗೆ ಹರಿಯಬೇಕು. ಉಳಿದದ್ದು ಕೊಡಗಿನ ಮಳೆಗೆ ಬಿಟ್ಟಿದ್ದು. 2023ರಲ್ಲಿ ಅಣೆಕಟ್ಟು ತುಂಬಲಿಲ್ಲ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು, ನಾಟಿ ಹಾಕಬೇಡಿ ಎಂದು ಡಂಗುರ ಹೊಡೆದರು. ಅದಾಗಿ ಎರಡೇ ವರ್ಷಕ್ಕೆ, 2025ರಲ್ಲಿ, ಜೂನ್ ತಿಂಗಳಲ್ಲೇ ತುಂಬಿ ಜೂನ್ 30ಕ್ಕೆ ಬಾಗಿನ ಕೊಟ್ಟರು. ಹವಾಮಾನ ಬದಲಾವಣೆ ಅಂದರೆ ನನಗೆ ಕಾಣುವುದು ಇದೇ: ಬರ, ನೆರೆ ಹಿಂದೆಯೂ ಇದ್ದವು, ಈಗ ಎರಡರ ನಡುವಿನ ಅಂತರ ಕುಗ್ಗಿದೆ.

ನಾಲೆಯ ಬಯಲಿನವರಿಗೆ ನನ್ನ ಸಲಹೆ, ಎಲ್ಲ ಗದ್ದೆಗೂ ಒಂದೇ ಬೆಳೆ ಹಾಕಬೇಡಿ. ತಲೆಭಾಗದ ಗದ್ದೆಗೆ ಭತ್ತವಿರಲಿ. ಕೊನೆಭಾಗದವರು, ಸರದಿಯಂತೆ ನೀರು ಬಿಡುವ ಕಟ್ಟು ಪದ್ಧತಿಯಲ್ಲಿ ನೀರು ತಲುಪುವ ಹೊತ್ತಿಗೆ ಪಕ್ಕದವರ ಜೊತೆ ರಾತ್ರಿ ಜಗಳ ಆಡುವವರು, ನಾಟಿ ಇಲ್ಲದೆ ಬಿತ್ತುವ ಕೂರಿಗೆ ಭತ್ತವನ್ನೋ ರಾಗಿಯನ್ನೋ ಯೋಚಿಸಿ. ಭತ್ತದ ಗದ್ದೆಯಲ್ಲಿ ಸದಾ ನೀರು ನಿಂತಿರಲೇಬೇಕೆಂದಿಲ್ಲ. ಒಮ್ಮೆ ಕಟ್ಟಿ, ಮಣ್ಣು ಕೂದಲೆಳೆ ಬಿರಿಯುವವರೆಗೆ ಬಿಟ್ಟು, ಮತ್ತೆ ಕಟ್ಟಿದರೂ ತೆನೆ ಬರುತ್ತದೆ. ಹೂವಾಡುವ ಹೊತ್ತಲ್ಲಿ ಮಾತ್ರ ಒಣಗಿಸಬೇಡಿ.

ಮಳೆ ನಂಬೋ ಹಾಗಿಲ್ಲ. ಒಣಭೂಮಿಗೆ ಏನು ಬಿತ್ತೋದು?

ನಮ್ಮ ಅಜ್ಜಂದಿರು ಇದಕ್ಕೆ ಉತ್ತರ ಬಿತ್ತಿ ಹೋಗಿದ್ದಾರೆ. ಅಕ್ಕಡಿ ಸಾಲು. ರಾಗಿ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಅಂಚಿಗೆ ಜೋಳ. ಪುನರ್ವಸು, ಪುಷ್ಯ ಮಳೆ ಕೈಕೊಟ್ಟು ರಾಗಿ ಸೊರಗಿದರೂ ಆಳಕ್ಕೆ ಬೇರು ಬಿಡುವ ತೊಗರಿ ನಿಲ್ಲುತ್ತದೆ. ಹಿಂಗಾರು ಹಿಡಿದರೆ ಅವರೆ ಸೊನೆ ಕಟ್ಟುತ್ತದೆ. ಡಿಸೆಂಬರಿನಲ್ಲಿ ಸೊನೆ ಅವರೆ ಮೈಸೂರಿನ ಸಂತೆಗೆ ಹೋದರೆ ಕೈಗೆ ದಿನದ ಕಾಸು, ರಾಗಿ ಮಾರದೆ ಕಾಯಲು ಅದೇ ಸಾಕು. ಕಳೆನಾಶಕ ಹೊಡೆಯುವ ಅಭ್ಯಾಸ ಬಂದ ಮೇಲೆ ಅಕ್ಕಡಿ ಹೋಯಿತು, ಒಂದು ಬೆಳೆಗೆ ಹೊಡೆದದ್ದು ಇನ್ನೊಂದನ್ನು ಸುಡುತ್ತದಲ್ಲ.

ತಳಿಯ ಆಯ್ಕೆ ಮಳೆ ಬಂದ ದಿನದ ಮೇಲೆ. ಜುಲೈಯಲ್ಲೇ ಹದ ಸಿಕ್ಕರೆ ಎಂಆರ್-6ರಂಥ ದೀರ್ಘಾವಧಿ ತಳಿ. ಆಗಸ್ಟ್‌ಗೆ ಜಾರಿದರೆ ಬೇಗ ಕೊಯ್ಲಿಗೆ ಬರುವ ಕೆಎಂಆರ್-204, ಕೆಎಂಆರ್-630. ನಡುವಿನದಕ್ಕೆ ಬೆಂಕಿ ರೋಗ ತಡೆಯುವ ಜಿಪಿಯು-28. ಕೆಎಂಆರ್ ಹೆಸರಿನ ತಳಿಗಳು ನಮ್ಮ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನವು. ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಕೂಡಿಸಿ 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ವಿಜ್ಞಾನಿ ಇಂಡಾಫ್ ತಳಿಗಳನ್ನು ತೆಗೆದದ್ದೂ ಅಲ್ಲೇ. ಭತ್ತದಲ್ಲಿ ನಾಟಿ ತಳಿ ಬೇಕೆನ್ನುವವರು ಮಳವಳ್ಳಿ ತಾಲ್ಲೂಕಿನ ಕಿರುಗಾವಲಿಗೆ ಒಮ್ಮೆ ಹೋಗಿ ಬನ್ನಿ, ಸೈಯದ್ ಘನಿ ಖಾನ್ ಅವರು ನೂರಾರು ತಳಿಗಳನ್ನು ಗದ್ದೆಯಲ್ಲೇ ಬೆಳೆದು ಉಳಿಸಿದ್ದಾರೆ. ರಾಜಮುಡಿ ಎನ್ನುವ ನಾಟಿ ಭತ್ತಕ್ಕೆ ಈಗ ಪೇಟೆಯಲ್ಲಿ ಕೇಳುವವರಿದ್ದಾರೆ, ಆದರೆ ಮಿಲ್ಲಿನವರು ತೆಗೆದುಕೊಳ್ಳುವುದಿಲ್ಲ, ಕೊಳ್ಳುವವರನ್ನು ನೀವೇ ಗೊತ್ತು ಮಾಡಿಕೊಳ್ಳಬೇಕು.

ಕಬ್ಬಿನ ತರಗು ಸುಡೋದು ತಪ್ಪಾ?

ಒಂದು ಕಡ್ಡಿ ಗೀರಿದರೆ ಕೆಲಸ ಮುಗಿಯಿತು ಅನ್ನಿಸುತ್ತದೆ. ಸಾಲು ಬಿಟ್ಟು ಸಾಲಿಗೆ ಹರಡಿದರೆ ಕಡಿದ ಬುಡದಿಂದ ಚಿಗುರುವ ಕೂಳೆ ಕಬ್ಬಿಗೆ ಅದೇ ಹೊದಿಕೆ, ನೀರೂ ಕಳೆಯೂ ಕಡಿಮೆ. ಸುಡಬೇಡಿ.

ಬೆಳೆ ವಿಮೆ ಕಟ್ಟಿದ್ದೆ, ನನ್ನ ಹೊಲ ಪೂರ್ತಿ ಹೋಯ್ತು, ದುಡ್ಡು ಬರಲಿಲ್ಲ. ಮೋಸ ಅಲ್ವಾ?

ಮೋಸವಲ್ಲ, ವಿಮೆಯ ಲೆಕ್ಕ ನಾವು ಅಂದುಕೊಂಡಂತಿಲ್ಲ. 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5 ನೀವು ಕಟ್ಟುತ್ತೀರಿ. ಪರಿಹಾರ ನಿರ್ಧಾರವಾಗುವುದು ನಿಮ್ಮ ಹೊಲ ನೋಡಿ ಅಲ್ಲ, ಪಂಚಾಯಿತಿ ಅಥವಾ ಹೋಬಳಿಯಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ಬಂದ ಸರಾಸರಿ ನೋಡಿ. ನಿಮ್ಮದು ಹಾಳಾಗಿ ಊರಿನದು ಚೆನ್ನಾಗಿದ್ದರೆ ಏನೂ ಬರುವುದಿಲ್ಲ.

ಇದಕ್ಕೊಂದು ಹೊರತು ಉಂಟು. ಆಲಿಕಲ್ಲು ಬಿದ್ದರೆ, ಹೊಲ ಮುಳುಗಿದರೆ, ಕೊಯ್ದು ಹೊಲದಲ್ಲೇ ಒಣಗಲು ಹರಡಿದ ಬೆಳೆ 14 ದಿನದೊಳಗೆ ಅಕಾಲ ಮಳೆಗೆ ನೆಂದರೆ ನಿಮ್ಮ ಹೊಲವನ್ನೇ ಬಂದು ನೋಡಬೇಕು. ಷರತ್ತು: 72 ಗಂಟೆಯೊಳಗೆ ತಿಳಿಸಿರಬೇಕು. ಗುರುವಾರ ರಾತ್ರಿ ಮಳೆ ಬಂದರೆ ಸೋಮವಾರ ಆಫೀಸು ತೆಗೆಯಲಿ ಎಂದು ಕಾಯುತ್ತಾರೆ, ಅಷ್ಟರಲ್ಲಿ ಗಡುವು ಮುಗಿದಿರುತ್ತದೆ. ಕಾಯಬಾರದ ಒಂದೇ ಜಾಗ ಇದು. ನೆಂದ ಮೆದೆಯ ಫೋಟೊ ತೆಗೆದು ಅಂದೇ ಫೋನ್ ಮಾಡಿ, ಕೊಟ್ಟ ದೂರಿನ ನಂಬರನ್ನು ಗೋಡೆಯ ಮೇಲಾದರೂ ಬರೆದಿಡಿ. ಎಲ್ಲಿಗೆ ಮಾಡಬೇಕೆಂದು ತಿಳಿಯದಿದ್ದರೆ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಸರ್ಕಾರದ ಬೆಳೆ ಪರಿಹಾರ ಇದಕ್ಕಿಂತ ಬೇರೆ. ಅದಕ್ಕೆ ಕಂತು ಇಲ್ಲ, ಶೇ 33 ಅಥವಾ ಅದಕ್ಕಿಂತ ಹೆಚ್ಚು ನಷ್ಟವಾಗಿರಬೇಕು. ವಿಪತ್ತು ನಿಧಿಯ ದರ ಹೆಕ್ಟೇರ್‌ಗೆ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿಗೆ 17,000, ತೋಟದಂಥ ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ, ಎರಡು ಹೆಕ್ಟೇರ್ ಮಿತಿ. ಎರಡನ್ನೂ ಪಡೆಯಬಹುದು.

ಹಸು ಕಟ್ಟೋದು ಇನ್ನೂ ಗಿಟ್ಟುತ್ತಾ?

ಹಿಂಡಿ, ಬೂಸಾ ದರ ಕೂಡಿ ಕಳೆದರೆ ಗಿಟ್ಟುವುದಿಲ್ಲ ಎಂದೇ ಉತ್ತರ ಬರುತ್ತದೆ, ಮನೆಯವರ ಕೂಲಿ ಹಿಡಿದರಂತೂ ನಷ್ಟ. ಆದರೂ 2023ರ ಬರದಲ್ಲಿ ನಮ್ಮ ಸದಸ್ಯರಲ್ಲಿ ಹೊಲ ಮಾರುವ ಮಾತಾಡದೆ ಉಳಿದವರ ಮನೆಗಳನ್ನು ನೆನೆಸಿಕೊಂಡರೆ ಎಲ್ಲರ ಹಟ್ಟಿಯಲ್ಲೂ ಎರಡು ಹಸು ಇದ್ದವು. ಡೈರಿ ಬಟವಾಡೆ, ಅದರ ಮೇಲೆ ಸರ್ಕಾರದ ಲೀಟರಿಗೆ ಐದು ರೂಪಾಯಿ ಪ್ರೋತ್ಸಾಹಧನ, ಮಳೆ ಬಂದರೂ ಬಾರದಿದ್ದರೂ ಬರುವ ದುಡ್ಡು. ಮೂರನೇ ಹಸು ಕಟ್ಟುವ ಮುಂಚೆ ಮಾತ್ರ ಮೇವು ಎಲ್ಲಿಂದ ಎಂದು ಯೋಚಿಸಿ. ಬರದಲ್ಲಿ ಮೊದಲು ಏರುವುದು ಹುಲ್ಲಿನ ಬೆಲೆ.

ಮಗ ಬೆಂಗಳೂರಲ್ಲವ್ನೆ. ಅಪಾರ್ಟ್‌ಮೆಂಟಿಗೆ ನೇರ ಮಾರಿಸ್ತೀನಿ ಅಂತಾನೆ. ಆಗ್ತದಾ?

ಆಗುತ್ತದೆ, ಮಗ ಅಂದುಕೊಂಡಷ್ಟು ಸಲೀಸಲ್ಲ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ನಮ್ಮ ಹೊಲಗಳ ನಡುವೆಯೇ ಹೋಗಿದೆ, ಆದರೆ ಅದರ ಮುಖ್ಯ ಪಥಕ್ಕೆ ನಮ್ಮ ಟ್ರ್ಯಾಕ್ಟರ್, ಬೈಕ್, ಆಟೊ ಹತ್ತುವಂತಿಲ್ಲ. ಬಾಡಿಗೆ ಗಾಡಿಗೆ ಟೋಲ್ ಬೇರೆ. ಹಾಗಾಗಿ ಸೊಪ್ಪು, ಟೊಮೆಟೊ ಕಳಿಸಿ ಕೈ ಸುಟ್ಟುಕೊಳ್ಳಬೇಡಿ. ಕೊಳೆಯದ ಮಾಲಿನಿಂದ ಶುರು ಮಾಡಲಿ: ರಾಗಿ ಹಿಟ್ಟು, ಕಂದು ಬೆಲ್ಲ, ಗಾಣದ ಹುಚ್ಚೆಳ್ಳೆಣ್ಣೆ, ಅವರೆ ಬೇಳೆ. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಮೊದಲೇ ಮಾಡಿಸಿಕೊಳ್ಳಲಿ, ಸಣ್ಣವರಿಗೆ ಅದರ ಶುಲ್ಕ ದೊಡ್ಡದಲ್ಲ.

ನಮ್ಮ ಸದಸ್ಯರೊಬ್ಬರ ಮಗಳು ಹನ್ನೊಂದು ಮನೆಗಳಿಂದ ಶುರು ಮಾಡಿದಳು. ಮೊದಲ ತಿಂಗಳು ಎರಡು ಮನೆಯವರು ಹಿಟ್ಟು ವಾಪಸ್ ಕಳಿಸಿದರು, ಪ್ಯಾಕೆಟ್ ಹಿಟ್ಟಿಗಿಂತ ಕಪ್ಪಾಗಿದೆ ಎಂದು. ಅವಳು ಜಗಳ ಆಡಲಿಲ್ಲ. ಮುಂದಿನ ಸಲ ಹಿಟ್ಟಿನ ಜೊತೆ ಅದೇ ಹೊಲದ ಒಂದು ಹಿಡಿ ಇಡೀ ರಾಗಿಯನ್ನು ಸಣ್ಣ ಪೊಟ್ಟಣ ಕಟ್ಟಿ ಕಳಿಸಿದಳು. ಈಗ ಆ ಎರಡು ಮನೆಯೂ ಸೇರಿ ನಲವತ್ತಾರು ಮನೆ.